ಮುಧೋಳ, ಕಾರವಾನಿ, ಪಶ್ಮಿ: ಇವು ಮೂರು ತಳಿಗಳೋ, ಒಂದೇ ಬೇಟೆನಾಯಿಯ ಮೂರು ಬಗೆಗಳೋ?

ಸೊಲ್ಲಾಪುರದ ಕನ್ನಡಿಗ

ಸದಸ್ಯರೆಲ್ಲರಿಗೂ ನಮಸ್ಕಾರ. ಮರಿಯೊಂದನ್ನು ತರುವ ಮುನ್ನ ಬಲ್ಲವರಿಂದ ಒಂದು ವಿಷಯವನ್ನು ತಿಳಿದುಕೊಳ್ಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮೂಲ ಊರು ಇಂಡಿ ತಾಲ್ಲೂಕಿನಲ್ಲಿದೆ, ವಾಸ ಸೊಲ್ಲಾಪುರದಲ್ಲಿ. ಲಾತೂರಿನ ಕಡೆಯಿಂದ ಬರುವ ನಾಯಿಗಳನ್ನು ಇಲ್ಲಿನವರು ಕಾರವಾನಿ ಎನ್ನುತ್ತಾರೆ. ಬಾಗಲಕೋಟೆಯ ಕಡೆಗೆ ಹೋದರೆ ನೋಡಲು ಅಂಥದೇ ಆದ ನಾಯಿಯನ್ನು ಮುಧೋಳ ನಾಯಿ ಎನ್ನುತ್ತಾರೆ. ಕಿವಿ, ಬಾಲ, ಕಾಲಿನ ಹಿಂಬದಿಗಳಲ್ಲಿ ಜೂಲು ಇಳಿಬಿದ್ದಿದ್ದರೆ ಎರಡೂ ಕಡೆ ಅದಕ್ಕೆ ಪಶ್ಮಿ ಎಂದೇ ಹೆಸರು, ಬೆಲೆಯೂ ಬೇರೆ.

ಮಾರುವವರ ಮಾತು ಒಬ್ಬರದು ಒಬ್ಬರಿಗೆ ತಾಳೆಯಾಗುತ್ತಿಲ್ಲ. ಮೂರೂ ಬೇರೆ ಬೇರೆ ತಳಿಗಳೆಂದು ಒಬ್ಬರು ಆಣೆಯಿಟ್ಟು ಹೇಳಿದರೆ, ಹೆಸರು ಮಾತ್ರ ಬೇರೆ, ರಕ್ತ ಒಂದೇ ಎಂದು ಇನ್ನೊಬ್ಬರು ಹೇಳುತ್ತಾರೆ. ನಿಜವಾಗಿಯೂ ಪ್ರದೇಶದಿಂದ ಪ್ರದೇಶಕ್ಕೆ ಮೈಕಟ್ಟಿನಲ್ಲಿ ವ್ಯತ್ಯಾಸವಿದೆಯೇ? ಇದ್ದರೆ ಅದನ್ನು ಎಲ್ಲಿ ನೋಡಿ ಗುರುತಿಸಬೇಕು?

ಲೋಕಾಪುರದ ಮಡ್ಡಿ

ವ್ಯತ್ಯಾಸ ಖಂಡಿತವಾಗಿಯೂ ಇದೆ, ಮತ್ತು ಅದು ಕಣ್ಣಿಗೆ ಕಾಣುತ್ತದೆ. ಮುಧೋಳದ ಸುತ್ತಲಿನ ನಾಯಿ ಎತ್ತರವಾಗಿ, ಹಗುರವಾದ ಎಲುಬಿನಲ್ಲಿ, ಉದ್ದವಾದ ಕಿರಿದು ತಲೆಯೊಂದಿಗೆ ಇರುತ್ತದೆ. ಎದೆಗೂಡು ಆಳವಾಗಿ ಮೊಣಕೈವರೆಗೆ ಇಳಿದು, ಹೊಟ್ಟೆ ಒಮ್ಮೆಲೇ ಮೇಲಕ್ಕೆ ಸೆಳೆದುಕೊಂಡಿರುತ್ತದೆ, ಸೊಂಟದ ಎಲುಬುಗಳು ತೊಗಲಿನ ಅಡಿಯಲ್ಲಿ ಎದ್ದು ಕಾಣುತ್ತವೆ. ಲಾತೂರು ಕಡೆಯಿಂದ ಬಂದವೆಂದು ಮಾರುವ ನಾಯಿಗಳಲ್ಲಿ ನಾನು ನೋಡಿದ ಹೆಚ್ಚಿನವು ತಲೆಯಲ್ಲಿ ತುಸು ಅಗಲ, ಎಲುಬಿನಲ್ಲಿ ದಪ್ಪ.

ಈ ಅಂದ ತಾನಾಗಿ ಬಂದದ್ದಲ್ಲ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ನಾಯಿಗಳನ್ನು ಸಾಕಿ, ಆಯ್ದು, ಸಂತತಿಯನ್ನು ಬೆಳೆಸಿದರು. ಅವರು ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಉಡುಗೊರೆಯಾಗಿ ಕೊಟ್ಟ ಸಂಗತಿ ನಮ್ಮ ಭಾಗದಲ್ಲಿ ಮನೆಮಾತಾಗಿದೆ. ಅಂಚೆ ಇಲಾಖೆ 2005ರಲ್ಲಿ ಭಾರತೀಯ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅಲ್ಲಿ ಅಚ್ಚಾದದ್ದು ಮುಧೋಳದ ಹೆಸರೇ. ಇಷ್ಟೆಲ್ಲ ಇರುವಾಗ, ಹೆಸರು ಮಾತ್ರ ಬೇರೆ ಎಂದು ತೇಲಿಸಿ ಹೇಳುವುದು ನ್ಯಾಯವಲ್ಲ.

ಉದಗೀರದ ಗಡಿಯವನು

ಲೋಕಾಪುರದವರ ಅಭಿಮಾನಕ್ಕೆ ನನ್ನ ಗೌರವವಿದೆ, ಅವರ ತೀರ್ಮಾನಕ್ಕೆ ಒಪ್ಪಿಗೆಯಿಲ್ಲ. ನಮ್ಮದು ಬೀದರ್ ಮತ್ತು ಲಾತೂರು ಜಿಲ್ಲೆಗಳು ಕೂಡುವ ಭಾಗ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಇಲ್ಲಿಯ ಹಳ್ಳಿಗಳಲ್ಲಿ ಕಾರವಾನಿ ನಾಯಿಗಳನ್ನು ಯಾವ ಅರಮನೆಯ ಆಸರೆಯೂ ಇಲ್ಲದೆ ಕುರಿಗಾಹಿಗಳೂ ರೈತರೂ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ತಲೆ ಅಗಲವಿರುವ, ಎಲುಬು ದಪ್ಪವಿರುವ ನಾಯಿ ನಮ್ಮಲ್ಲಿಯೂ ಇದೆ, ಮುಧೋಳದಲ್ಲಿಯೂ ಇದೆ. ಅಂಥವುಗಳನ್ನು ನಮ್ಮ ಹಿರಿಯರು ಸಂತತಿಗೆ ಬಿಡುತ್ತಿರಲಿಲ್ಲ.

ಸಂತೆಯಲ್ಲಿ ಲಾತೂರಿನದೆಂದು ಹೇಳಿ ಮಾರಿದ ನಾಯಿಯನ್ನು ಲಾತೂರಿನ ಮಾದರಿ ಎಂದು ಹಿಡಿದರೆ, ಬೆಂಗಳೂರಿನ ಅಂಗಡಿಗಳಲ್ಲಿ ಮುಧೋಳ ಎಂದು ಮಾರುವ ಬೆರಕೆ ಮರಿಗಳನ್ನೂ ಮುಧೋಳದ ಮಾದರಿ ಎಂದೇ ಹಿಡಿಯಬೇಕಾಗುತ್ತದೆ. ಅದನ್ನು ತಾವು ಒಪ್ಪುವಿರಾ?

ಲೋಕಾಪುರದ ಮಡ್ಡಿ

ಒಪ್ಪುವುದಿಲ್ಲ. ಆದರೆ ನಾನು ಹೇಳಿದ್ದು ಸಂತೆಯ ನಾಯಿಗಳನ್ನು ಮಾತ್ರ ನೋಡಿ ಅಲ್ಲ.

ಹಳೆಯ ಕಾಗದ

ಇಬ್ಬರೂ ಇಂದಿನ ಗಡಿಯನ್ನು ನಡುವೆ ಇಟ್ಟುಕೊಂಡು ಮಾತನಾಡುತ್ತಿದ್ದೀರಿ. ಮುಧೋಳ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಗ ವಿಜಯಪುರ, ಬೆಳಗಾವಿ, ಸೊಲ್ಲಾಪುರ, ಸಾತಾರಾ ಎಲ್ಲವೂ ಒಂದೇ ಆಡಳಿತದಲ್ಲಿದ್ದವು. ಇತ್ತ ಬೀದರ್, ಕಲಬುರಗಿ, ನಾಂದೇಡ್, ಲಾತೂರಿನ ಭಾಗಗಳು ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಕರ್ನಾಟಕ ಮತ್ತು ಮಹಾರಾಷ್ಟ್ರಗಳ ನಡುವಣ ಈಗಿನ ಗೆರೆ ಬಿದ್ದದ್ದು 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ. ಕುರಿಗಾಹಿಗಳು, ಸಂತೆಗೆ ದನ ಹೊಡೆದುಕೊಂಡು ಹೋಗುವವರು, ಸಂಸ್ಥಾನಿಕರ ಬೇಟೆಗಾರರು, ಮದುವೆಯ ಸಂಬಂಧಗಳು ಇವೆಲ್ಲ ಆ ಗೆರೆಗಿಂತ ಬಹಳ ಹಳೆಯವು, ಮತ್ತು ಅವರೊಂದಿಗೆ ನಾಯಿಗಳೂ ಅತ್ತಿಂದಿತ್ತ ಓಡಾಡಿವೆ. ಆದ್ದರಿಂದ ಕರ್ನಾಟಕದ ಬಗೆ, ಮಹಾರಾಷ್ಟ್ರದ ಬಗೆ ಎಂದು ರಾಜ್ಯದ ಹೆಸರಿನಲ್ಲಿ ಒಂದು ನಾಯಿಯನ್ನು ಎರಡು ಮಾಡುವುದು ಇತಿಹಾಸಕ್ಕೆ ಹೊಂದುವುದಿಲ್ಲ.

ಹೆಸರಿನ ಗೊಂದಲವನ್ನು ದೊಡ್ಡದು ಮಾಡಿದ್ದು ನೋಂದಣಿ ಸಂಸ್ಥೆಗಳು. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಎಂದು ನೋಂದಾಯಿಸುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎಂದು ನೋಂದಾಯಿಸುತ್ತದೆ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶದ ನಾಯಿ ತಳಿಗಳನ್ನು ಪಟ್ಟಿ ಮಾಡಲು ತೊಡಗಿದಾಗ ರಾಜಪಾಳಯಂ, ಚಿಪ್ಪಿಪಾರೈಗಳೊಂದಿಗೆ ಸೇರಿಸಿಕೊಂಡದ್ದು ಮುಧೋಳ ಹೌಂಡ್ ಎಂಬ ಹೆಸರನ್ನು. ಒಂದೇ ತಾಯಿಯ ಎರಡು ಮರಿಗಳು ಎರಡು ಸಂಸ್ಥೆಗಳ ಕಾಗದದಲ್ಲಿ ಎರಡು ತಳಿಗಳಾಗಿಬಿಡಬಹುದಾದ ಪರಿಸ್ಥಿತಿ ಇದು.

ಪಶುವೈದ್ಯೆ, ಧಾರವಾಡ

ಪಶ್ಮಿಯ ವಿಷಯವನ್ನು ನಾನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾರುವವರ ಅತಿ ಹೆಚ್ಚು ಸುಳ್ಳು ನಡೆಯುವುದು ಅಲ್ಲಿಯೇ. ನಾಯಿಯ ಕೂದಲು ಗಿಡ್ಡವೋ ಉದ್ದವೋ ಎಂಬುದನ್ನು ಬಹುತೇಕ ತಳಿಗಳಲ್ಲಿ ನಿರ್ಧರಿಸುವುದು ಎಫ್‌ಜಿಎಫ್5 ಎಂಬ ಒಂದೇ ವಂಶವಾಹಿ. ಗಿಡ್ಡ ಕೂದಲಿನ ಗುಣ ಪ್ರಬಲವಾದದ್ದು, ಉದ್ದ ಕೂದಲಿನ ಗುಣ ಅಡಗಿ ಕೂರುವಂಥದ್ದು. ಮರಿಗೆ ಆ ಅಡಗಿದ ಗುಣ ತಂದೆಯಿಂದಲೂ ತಾಯಿಯಿಂದಲೂ ಬಂದರೆ ಮಾತ್ರ ಮೈಮೇಲೆ ಜೂಲು ಕಾಣುತ್ತದೆ.

ಇದರ ಫಲವೇನೆಂದರೆ, ನುಣುಪು ಮೈಯ ಎರಡು ಕಾರವಾನಿ ನಾಯಿಗಳು ಆ ಗುಣವನ್ನು ಒಳಗೆ ಹೊತ್ತಿದ್ದರೆ ಅವುಗಳ ಸೂಲಿನಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಮರಿ ಜೂಲಿನೊಂದಿಗೆ ಹುಟ್ಟುತ್ತದೆ. ಒಡಹುಟ್ಟಿದ ಮರಿಗಳಲ್ಲಿ ಒಂದನ್ನು ಪಶ್ಮಿ ಎಂದು ಹೆಚ್ಚಿನ ಬೆಲೆಗೂ, ಉಳಿದವನ್ನು ಕಾರವಾನಿ ಎಂದು ಕಡಿಮೆ ಬೆಲೆಗೂ ಮಾರುವುದನ್ನು ನಮ್ಮ ಕಡೆ ಅನೇಕರು ಬಲ್ಲರು. ಅರಬ್ ನಾಡುಗಳ ಸಲೂಕಿ ನಾಯಿಯಲ್ಲಿಯೂ ನುಣುಪು ಮೈಯವೂ ಜೂಲಿನವೂ ಇವೆ, ಆದರೆ ಅಲ್ಲಿ ಎರಡನ್ನೂ ಒಂದೇ ತಳಿಯ ಎರಡು ಬಗೆಗಳೆಂದೇ ನೋಂದಾಯಿಸುತ್ತಾರೆ.

ಸೊಲ್ಲಾಪುರದ ಕನ್ನಡಿಗ

ಡಾಕ್ಟರ್ ಮೇಡಂ, ತಮ್ಮ ವಿವರಣೆಯಿಂದ ಬಹಳ ಉಪಕಾರವಾಯಿತು. ಆದರೆ ಒಂದು ಸಂದೇಹ. ನಾನು ಭೇಟಿ ಮಾಡಿದ ಒಬ್ಬ ಸಾಕಣೆದಾರರು, ಪಶ್ಮಿಗೆ ಪಶ್ಮಿಯನ್ನೇ ಕೂಡಿಸುತ್ತಾ ಬಂದಿದ್ದೇವೆ, ಒಂದೂ ನುಣುಪು ಮೈಯ ಮರಿ ಹುಟ್ಟಿಲ್ಲ, ಆದ್ದರಿಂದ ಇದು ಶುದ್ಧವಾದ ಬೇರೆ ತಳಿ ಎಂದು ವಾದಿಸಿದರು. ಅದು ಸರಿಯೇ?

ಪಶುವೈದ್ಯೆ, ಧಾರವಾಡ

ಅವರು ಕಂಡದ್ದು ನಿಜ, ಅದರಿಂದ ಮಾಡಿದ ತೀರ್ಮಾನ ಸರಿಯಲ್ಲ. ಜೂಲಿನ ನಾಯಿಗೆ ಜೂಲಿನ ನಾಯಿಯನ್ನೇ ಕೂಡಿಸಿದರೆ ಎಲ್ಲ ಮರಿಗಳಲ್ಲಿಯೂ ಜೂಲೇ ಬರಬೇಕು, ಅಡಗುವ ಗುಣದ ಲೆಕ್ಕವೇ ಹಾಗೆ. ಕೂದಲಿನ ವಿಷಯದಲ್ಲಿ ಅವರ ಸಾಲು ಸ್ಥಿರವಾಗಿದೆ ಎಂಬುದನ್ನು ಅದು ತೋರಿಸುತ್ತದೆ, ಎದೆ, ತಲೆ, ಓಟ, ಸ್ವಭಾವಗಳ ಬಗ್ಗೆ ಏನನ್ನೂ ತೋರಿಸುವುದಿಲ್ಲ. ಅಂಥ ಸಾಕಣೆದಾರರ ಸಂಖ್ಯೆ ಕಡಿಮೆ ಇರುವಾಗ ತಮ್ಮತಮ್ಮಲ್ಲೇ ಹತ್ತಿರದ ರಕ್ತಸಂಬಂಧದ ನಾಯಿಗಳನ್ನು ಕೂಡಿಸುತ್ತಾ ಹೋಗುವ ಅಪಾಯವೂ ಇದೆ. ಕೂದಲಿಗಾಗಿ ಒಳ್ಳೆಯ ನುಣುಪು ಮೈಯ ಗಂಡನ್ನು ಬಿಟ್ಟುಬಿಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ.

ಕೆರೂರಿನ ಓದುಗ

ನಮ್ಮ ಓಣಿಯಲ್ಲಿ ನುಣುಪು ಮೈಯ ತಾಯಿಗೆ ಜೂಲಿನ ಮರಿ ಹುಟ್ಟಿದಾಗ, ಯಾವುದೋ ಬೇರೆ ನಾಯಿ ಒಳಗೆ ಬಂದಿರಬೇಕೆಂದು ಮನೆಯವರು ಆ ಮರಿಯನ್ನು ಯಾರಿಗೋ ಕೊಟ್ಟುಬಿಟ್ಟರು. ಈ ಮಾತು ಆಗ ಗೊತ್ತಿದ್ದರೆ ಒಳ್ಳೆಯ ಮರಿ ಉಳಿಯುತ್ತಿತ್ತು.

ಜಮಖಂಡಿಯ ರೈತ

ಊರಿಗಿಂತ ನೆಲವನ್ನು ನೋಡಿ ಮಾತನಾಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ನಮ್ಮ ಭಾಗದಲ್ಲಿ ಎರೆಯ ನೆಲವೂ ಇದೆ, ಕಲ್ಲು ತುಂಬಿದ ಮಡ್ಡಿಯೂ ಇದೆ, ಎರಡರ ನಡುವೆ ಒಂದು ಹರದಾರಿಯಷ್ಟೂ ಅಂತರವಿಲ್ಲದ ಊರುಗಳಿವೆ. ಎರೆಯ ಹೊಲದಲ್ಲಿ ಜೋಳ ಕೊಯ್ದ ಮೇಲೆ ನೆಲ ಬಿರುಕು ಬಿಟ್ಟು ಕೂಳೆ ನಿಂತಿರುತ್ತದೆ, ಅಲ್ಲಿ ಓಡುವ ನಾಯಿಗೆ ಉದ್ದ ಹೆಜ್ಜೆ, ದೀರ್ಘ ಉಸಿರು ಬೇಕು. ಮಡ್ಡಿಯಲ್ಲಿ ಓಡುವ ನಾಯಿಗೆ ಬಿಗಿಯಾಗಿ ಕೂಡಿದ ಬೆರಳುಗಳೂ ಗಟ್ಟಿಯಾದ ಅಂಗಾಲೂ ಇಲ್ಲದಿದ್ದರೆ ಪಾದ ಒಡೆದು ಕುಂಟುತ್ತದೆ. ಮಡ್ಡಿಯವರು ಪಾದ ನೋಡಿ ಮರಿ ಆರಿಸುತ್ತಿದ್ದರು, ಎರೆಯವರು ಎದೆ ಮತ್ತು ನಡು ನೋಡಿ ಆರಿಸುತ್ತಿದ್ದರು. ಒಂದೇ ತಾಲ್ಲೂಕಿನೊಳಗೆ ಎರಡು ಬಗೆ ಕಂಡರೆ ಆಶ್ಚರ್ಯವಿಲ್ಲ. ಸೊಲ್ಲಾಪುರದ ಎರೆಯ ನಾಯಿಯೂ ನಮ್ಮ ಎರೆಯ ನಾಯಿಯೂ ಪಕ್ಕದ ಮಡ್ಡಿಯ ನಾಯಿಗಿಂತ ಒಂದಕ್ಕೊಂದು ಹೆಚ್ಚು ಹತ್ತಿರವಿರಬಹುದು.

ಆದರೆ ಆ ನೆಲವೂ ಈಗ ಮೊದಲಿನಂತಿಲ್ಲ. ಘಟಪ್ರಭೆ, ಕೃಷ್ಣೆಯರ ಕಾಲುವೆಯ ನೀರು ಬಂದ ಮೇಲೆ ಬಯಲೆಲ್ಲ ಕಬ್ಬಾಯಿತು. ಕಬ್ಬಿನ ಗದ್ದೆಯಲ್ಲಿ ಈ ನಾಯಿಗೆ ದೂರದ ನೋಟವೂ ಇಲ್ಲ, ಓಟವೂ ಇಲ್ಲ. ದೃಷ್ಟಿಯಿಂದ ಬೇಟೆಯಾಡುವ ನಾಯಿ ಬಯಲಿಲ್ಲದೆ ತನ್ನ ರೂಪವನ್ನು ಎಷ್ಟು ತಲೆಮಾರು ಕಾಯ್ದುಕೊಂಡೀತು ಎಂಬ ಚಿಂತೆ ನನಗೆ ಇದೆ.

ಅಥಣಿಯ ತರುಣ

ಹಾಗಾದರೆ ಇಂದು ನಾಯಿಯ ಓಟವನ್ನು ಪರೀಕ್ಷಿಸುವುದು ಹೇಗೆ? ಹಿರಿಯರು ಮೊಲದ ಹಿಂದೆ ಬಿಟ್ಟು ನೋಡುತ್ತಿದ್ದರು. ಈಗಲೂ ಕೆಲವೆಡೆ ಅದು ನಡೆಯುತ್ತದೆ ಎಂದು ಕೇಳಿದ್ದೇನೆ.

ನಿರ್ವಾಹಕ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಜಾರಿಗೆ ಬಂದಿದೆ. ಕಾಡುಮೊಲವನ್ನು ನಾಯಿ ಬಿಟ್ಟು ಹಿಡಿಸುವುದು ಅಪರಾಧ, ಅದರ ವಿಧಾನವನ್ನೂ ಸ್ಥಳವನ್ನೂ ಇಲ್ಲಿ ಯಾರೂ ಚರ್ಚಿಸಕೂಡದು. ಹಳೆಯ ಕಾಲದ ಬೇಟೆಯನ್ನು ಇತಿಹಾಸವಾಗಿ ಪ್ರಸ್ತಾಪಿಸಲು ಅಡ್ಡಿಯಿಲ್ಲ.

ಜಮಖಂಡಿಯ ರೈತ

ನಿರ್ವಾಹಕರ ಮಾತು ಯುಕ್ತವಾಗಿದೆ. ತರುಣರಿಗೆ ಉತ್ತರವಾಗಿ ಹೇಳುವುದಾದರೆ, ಬಟ್ಟೆಯ ಗೊಂಬೆಯನ್ನು ಹಗ್ಗಕ್ಕೆ ಕಟ್ಟಿ ಎಳೆಸಿ ಓಡಿಸುವ ಪದ್ಧತಿ ಇದೆ, ಊರ ಜಾತ್ರೆಗಳ ಓಟದ ಸ್ಪರ್ಧೆಗಳಲ್ಲಿಯೂ ಅದೇ ನಡೆಯುತ್ತದೆ. ಆದರೆ ಆ ಸ್ಪರ್ಧೆಗಳೇ ಇನ್ನೊಂದು ಕೇಡಿಗೆ ದಾರಿಯಾಗಿವೆ. ನೇರವಾದ ಗಿಡ್ಡ ಓಟದಲ್ಲಿ ಗೆಲ್ಲಬೇಕೆಂದು ಗ್ರೇಹೌಂಡ್ ತಂದು ನಮ್ಮ ಹೆಣ್ಣುಗಳಿಗೆ ಕೂಡಿಸುತ್ತಿದ್ದಾರೆ. ಗ್ರೇಹೌಂಡ್ ಎಂಬುದು ಸುಮಾರು ಐನೂರು ಮೀಟರಿನ ಓಟಕ್ಕಾಗಿ ಬೆಳೆಸಿದ ನಾಯಿ. ನಮ್ಮ ನಾಯಿ ಅಷ್ಟು ದೂರದಲ್ಲಿ ಅದಕ್ಕೆ ಸೋಲುತ್ತದೆ, ನಿಜ. ಬಿಸಿಲಿನಲ್ಲಿ, ಉಳುಮೆಯ ಹೊಲದಲ್ಲಿ, ತಿರುವಿನ ಮೇಲೆ ತಿರುವು ತೆಗೆದುಕೊಂಡು ದೂರ ಓಡಬೇಕಾದಾಗ ಯಾವುದು ಉಳಿಯುತ್ತದೆ ಎಂಬುದನ್ನು ಜಾತ್ರೆಯ ಓಟ ಅಳೆಯುವುದೇ ಇಲ್ಲ.

ಉದಗೀರದ ಗಡಿಯವನು

ಈ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಲೋಕಾಪುರದವರು ಕಂಡ ದಪ್ಪ ಎಲುಬಿನ ನಾಯಿಗಳಲ್ಲಿ ಎಷ್ಟು ಲಾತೂರಿನವು, ಎಷ್ಟು ಗ್ರೇಹೌಂಡ್ ಬೆರಕೆಯವು ಎಂಬುದನ್ನು ಮೊದಲು ವಿಚಾರಿಸಬೇಕು.

ರಿಂಗ್‌ಬದಿಯ ವೀಕ್ಷಕ

ಶ್ವಾನ ಪ್ರದರ್ಶನಗಳಿಗೆ ಹಲವು ವರ್ಷಗಳಿಂದ ಹೋಗುತ್ತಿರುವವನಾಗಿ ಕೆಲವು ಮಾತು ಸೇರಿಸುತ್ತೇನೆ. ಮುಧೋಳ ನಾಯಿಗೆ ಸಾಮಾನ್ಯವಾಗಿ ಹೇಳುವ ಎತ್ತರ ಗಂಡಿಗೆ 68ರಿಂದ 72 ಸೆಂಟಿಮೀಟರ್, ಹೆಣ್ಣಿಗೆ 64ರಿಂದ 68 ಸೆಂಟಿಮೀಟರ್. ಗಂಡು ಗ್ರೇಹೌಂಡ್ 71ರಿಂದ 76 ಸೆಂಟಿಮೀಟರ್ ಎತ್ತರವಿದ್ದು, 27ರಿಂದ 40 ಕಿಲೋ ತೂಗುತ್ತದೆ. ಬರಿಯ ಎತ್ತರ ನೋಡಿದರೆ ಎರಡೂ ಒಂದರ ಮೇಲೊಂದು ಬರುತ್ತವೆ, ತೂಕದಲ್ಲಿ ಸಿಕ್ಕಿಬೀಳುತ್ತವೆ. ಅಷ್ಟೇ ಎತ್ತರದ ನಾಯಿ ಮೂವತ್ತೆರಡು ಕಿಲೋ ಮೀರಿದ್ದರೆ, ತೊಡೆಯ ಸ್ನಾಯು ಉಬ್ಬಿ ಉರುಟಾಗಿದ್ದರೆ, ಕಿವಿ ಇಳಿಬೀಳದೆ ಹಿಂದಕ್ಕೆ ಮಡಚಿಕೊಂಡಿದ್ದರೆ ನಾನು ಆ ನಾಯಿಯ ವಂಶಾವಳಿಯನ್ನು ಎರಡು ಬಾರಿ ಕೇಳುತ್ತೇನೆ. ನಮ್ಮ ನಾಯಿಯ ಕಿವಿ ಕೆನ್ನೆಗೆ ಅಂಟಿದಂತೆ ಜೋತು ಬಿದ್ದಿರಬೇಕು, ಸ್ನಾಯು ಚಪ್ಪಟೆಯಾಗಿ ಉದ್ದುದ್ದ ಹರಿದಿರಬೇಕು.

ಹುಲಿಪಟ್ಟೆಯ ಬಣ್ಣದ ನಾಯಿಗಳನ್ನಂತೂ ದೂರವಿಡಬೇಕು. ಆ ಬಣ್ಣ ಗ್ರೇಹೌಂಡಿನಿಂದ ಬಂದದ್ದು.

ಪಶುವೈದ್ಯೆ, ಧಾರವಾಡ

ಮೊದಲ ಭಾಗ ಸರಿ, ಕೊನೆಯ ಮಾತನ್ನು ತಿದ್ದಬೇಕಾಗಿದೆ. ಹುಲಿಪಟ್ಟೆ ಗ್ರೇಹೌಂಡಿನ ಸ್ವತ್ತಲ್ಲ. ಉತ್ತರ ಆಫ್ರಿಕಾದ ಸ್ಲೂಗಿ ಎಂಬ ಬೇಟೆನಾಯಿಯಲ್ಲಿಯೂ ಆ ಬಣ್ಣವಿದೆ, ಅದರ ಮಾನದಂಡದಲ್ಲಿ ಅದಕ್ಕೆ ಮಾನ್ಯತೆಯೂ ಇದೆ. ಪಟ್ಟೆಯ ಗುಣ ಪ್ರಬಲವಾದದ್ದಾದ್ದರಿಂದ ಪಟ್ಟೆಯ ಮರಿಯ ತಂದೆತಾಯಿಗಳಲ್ಲಿ ಒಂದಾದರೂ ಪಟ್ಟೆಯದಾಗಿರಬೇಕು, ಇಲ್ಲವೆ ಅಚ್ಚಕಪ್ಪು ಬಣ್ಣದ ಅಡಿಯಲ್ಲಿ ಪಟ್ಟೆ ಮುಚ್ಚಿಹೋಗಿರಬೇಕು. ಕಂದು ಬಣ್ಣದ ಎರಡು ನಾಯಿಗಳಿಗೆ ಪಟ್ಟೆಯ ಮರಿ ಹುಟ್ಟಿತೆಂದು ಯಾರಾದರೂ ಹೇಳಿದರೆ ಅನುಮಾನಿಸಿರಿ. ಪಟ್ಟೆ ಇದೆ ಎಂಬ ಒಂದೇ ಕಾರಣಕ್ಕೆ ಬೆರಕೆ ಎನ್ನಬೇಡಿರಿ, ಹಾಗೆ ಮಾಡಿದರೆ ಹಳ್ಳಿಗಳಲ್ಲಿ ಇರುವ ಒಳ್ಳೆಯ ರಕ್ತವನ್ನು ನಾವೇ ಹೊರಗೆ ಹಾಕಿದಂತಾಗುತ್ತದೆ.

ರಿಂಗ್‌ಬದಿಯ ವೀಕ್ಷಕ

ತಮ್ಮ ವಾದವನ್ನು ಒಪ್ಪಿದರೂ ರಿಂಗಿನಲ್ಲಿ ತೀರ್ಪುಗಾರರ ಕಣ್ಣು ಹಾಗೆ ನೋಡುವುದಿಲ್ಲ ಎಂಬುದನ್ನು ಹೇಳಲೇಬೇಕು. ಗೆದ್ದ ಗಂಡುನಾಯಿಯ ಬಳಿಗೆ ಎಲ್ಲರೂ ಹೆಣ್ಣುನಾಯಿ ಕರೆದೊಯ್ಯುತ್ತಾರೆ, ಅದೇ ಬಣ್ಣ, ಅದೇ ಅಂದ ಎಲ್ಲೆಡೆ ಹರಡುತ್ತದೆ. ಊರೂರಿಗೆ ಇದ್ದ ಸಣ್ಣ ವ್ಯತ್ಯಾಸಗಳು ಅಳಿಯುತ್ತಿರುವುದು ಬೆರಕೆಯಿಂದ ಮಾತ್ರವಲ್ಲ, ಹೀಗೆಯೂ ಹೌದು.

ಮದುರೆಯ ಕನ್ನಡಿಗ

ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ಇದೇ ಜಗಳ ಇನ್ನೊಂದು ರೂಪದಲ್ಲಿ ನಡೆಯುತ್ತಿದೆ. ಕಪ್ಪು ಮೈಗೆ ಕಂದು ಗುರುತುಗಳಿರುವ ಬೇಟೆನಾಯಿಯನ್ನು ಕನ್ನಿ ಎಂದೂ, ಬೇರೆ ಬಣ್ಣದವುಗಳನ್ನು ಚಿಪ್ಪಿಪಾರೈ ಎಂದೂ ಇಲ್ಲಿಯ ಹಲವರು ಕರೆಯುತ್ತಾರೆ. ಅವು ಎರಡು ತಳಿಗಳೆಂದು ಕೆಲವರು, ಬಣ್ಣದಿಂದ ಬೇರೆಯಾದ ಒಂದೇ ತಳಿಯೆಂದು ಕೆಲವರು. ಮೈಕಟ್ಟಿನಲ್ಲಿ ಅವು ಮುಧೋಳಕ್ಕಿಂತ ಸಾಮಾನ್ಯವಾಗಿ ತುಸು ಸಣ್ಣವು. ರಾಜಪಾಳಯಂ ಇವೆರಡಕ್ಕಿಂತಲೂ ಭಾರವಾದ, ಬಿಳಿಯ ಬಣ್ಣಕ್ಕೆ ಹೆಸರಾದ ಬೇರೆಯೇ ಬಗೆ. ಬಿಳಿಯ ಬಣ್ಣಕ್ಕಾಗಿಯೇ ಆಯ್ದು ಆಯ್ದು ಬೆಳೆಸಿದ್ದರಿಂದ ಅದರಲ್ಲಿ ಕಿವುಡು ಮರಿಗಳು ಹುಟ್ಟುವ ತೊಂದರೆ ಇದೆ. ಹೊರನೋಟದ ಒಂದೇ ಗುಣಕ್ಕೆ ಜೋತುಬಿದ್ದರೆ ಏನಾಗುತ್ತದೆ ಎಂಬುದಕ್ಕಾಗಿ ಇದನ್ನು ಹೇಳಿದೆ, ಪಶ್ಮಿಯ ಜೂಲಿಗೂ ಈ ಎಚ್ಚರ ಸಲ್ಲುತ್ತದೆ.

ಬಾದಾಮಿಯ ಅಭಿಮಾನಿ

ಶಿವಾಜಿ ಮಹಾರಾಜರ ಸೈನ್ಯದಲ್ಲಿಯೇ ಮುಧೋಳ ನಾಯಿಗಳಿದ್ದವು ಎಂಬುದನ್ನು ಯಾರೂ ಹೇಳಲಿಲ್ಲವಲ್ಲ? ಅಷ್ಟು ಹಳೆಯ ನಾಯಿ ಬೇರೆ ತಳಿ ಆಗದೆ ಇರಲು ಹೇಗೆ ಸಾಧ್ಯ?

ಹಳೆಯ ಕಾಗದ

ಆ ಕಾಲದ ಒಂದು ಕಾಗದವನ್ನು ತೋರಿಸಿದರೆ ನಾನು ಸಂತೋಷದಿಂದ ಓದುತ್ತೇನೆ. ತೋರಿಸದೆ ಹೇಳುವುದರಿಂದ ನಾಯಿಯ ಗೌರವ ಹೆಚ್ಚುವುದಿಲ್ಲ. ದಖ್ಖನಿನ ಸುಲ್ತಾನರ ಕಾಲದಲ್ಲಿ ಪಶ್ಚಿಮ ಏಷ್ಯಾದಿಂದ ಬಂದ ವರ್ತಕರೂ ಸೈನಿಕರೂ ತಂದ ನಾಯಿಗಳಿಂದ ಈ ಸಂತತಿ ಬೆಳೆಯಿತೆಂಬ ಅಭಿಪ್ರಾಯ ಬಹಳ ಪ್ರಚಲಿತವಾಗಿದೆ, ರೂಪದ ಹೋಲಿಕೆ ಅದಕ್ಕೆ ಪುಷ್ಟಿ ಕೊಡುತ್ತದೆ. ವಿಜಯಪುರ, ಬೀದರ್, ಕಲಬುರಗಿಗಳು ಮೂರೂ ಸುಲ್ತಾನರ ರಾಜಧಾನಿಗಳಾಗಿದ್ದವು. ಹಾಗೆ ನೋಡಿದರೂ ಈ ನಾಯಿ ಒಂದು ಊರಿನದ್ದಾಗದೆ ಇಡೀ ದಖ್ಖನ್ ಪೀಠಭೂಮಿಯದ್ದಾಗುತ್ತದೆ. ಮುಧೋಳದ ಹಿರಿಮೆ ಇರುವುದು ಅಳಿಯುತ್ತಿದ್ದ ಸಂತತಿಯನ್ನು ಆಯ್ದು ಉಳಿಸಿದ್ದರಲ್ಲಿ, ಮತ್ತು ಆ ಕೆಲಸ ಕಡಿಮೆಯದ್ದೇನೂ ಅಲ್ಲ.

ಲೋಕಾಪುರದ ಮಡ್ಡಿ

ಕೊನೆಯ ಮಾತಿಗಾಗಿ ವಂದನೆಗಳು. ಆ ಕೆಲಸ ಇಂದಿಗೂ ನಿಂತಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿರಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಸೈನ್ಯದವರು 2016ರಲ್ಲಿ ಮರಿಗಳನ್ನು ಮೇರಠ್‌ನ ತರಬೇತಿ ಕೇಂದ್ರಕ್ಕೆ ಒಯ್ದರು. ಪ್ರಧಾನಿಯವರು 2020ರ ಆಗಸ್ಟ್‌ನಲ್ಲಿ ಆಕಾಶವಾಣಿಯ ಭಾಷಣದಲ್ಲಿ ಹೆಸರಿಸಿದ ಮೇಲಂತೂ ದೂರದೂರದಿಂದ ಜನ ಮರಿ ಕೇಳಿಕೊಂಡು ಬರತೊಡಗಿದರು. ನಮ್ಮ ಸುತ್ತಲಿನ ಎಷ್ಟೋ ಕುಟುಂಬಗಳ ಜೀವನ ಈ ಸಾಕಣೆಯಿಂದ ನಡೆಯುತ್ತಿದೆ.

ಬೆಂಗಳೂರಿನ ಮೂರನೆಯ ಮಹಡಿ

ಬೇಡಿಕೆ ಹೆಚ್ಚಾದದ್ದರಿಂದ ಆದ ಕಷ್ಟವನ್ನು ನಾವು ನಗರದಲ್ಲಿ ನೋಡುತ್ತಿದ್ದೇವೆ. ಭಾಷಣ ಕೇಳಿ, ಚಿತ್ರ ನೋಡಿ ಮರಿ ತಂದವರು, ಅಪರಿಚಿತರು ಮೈಮುಟ್ಟಿದರೆ ಈ ನಾಯಿ ಸಹಿಸುವುದಿಲ್ಲ, ದಿನವೂ ಓಡದಿದ್ದರೆ ಮನೆಯನ್ನೇ ಹಾಳು ಮಾಡುತ್ತದೆ ಎಂಬುದು ತಿಳಿದ ಮೇಲೆ ಸಾಕಲಾಗದೆ ಬೇರೆಯವರಿಗೆ ಕೊಡಲು ಹುಡುಕುತ್ತಾರೆ. ನಮ್ಮ ಮನೆಯಲ್ಲಿರುವುದು ಹಾಗೆ ಬಂದ ಹೆಣ್ಣು. ಬಹಳ ಪ್ರೀತಿಯ ನಾಯಿ, ಆದರೆ ಬೇಲಿಯಿಲ್ಲದ ಜಾಗದಲ್ಲಿ ಒಮ್ಮೆಯೂ ಹಗ್ಗ ಬಿಚ್ಚುವಂತಿಲ್ಲ. ದೂರದಲ್ಲಿ ಬೆಕ್ಕೊಂದು ಅಲುಗಿದರೆ ಸಾಕು, ಕರೆದ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ಸೈನ್ಯದ ವಿಷಯ ಬಂದದ್ದರಿಂದ ಕೇಳುತ್ತೇನೆ, ಕಣ್ಣಿನಿಂದ ಬೇಟೆಯಾಡುವ ನಾಯಿಯನ್ನು ಮೂಗಿನ ಕೆಲಸಕ್ಕೆ ಹಚ್ಚುವುದು ಸರಿಯೇ?

ಪಶುವೈದ್ಯೆ, ಧಾರವಾಡ

ಕಣ್ಣಿನಿಂದ ಬೇಟೆಯಾಡುವ ನಾಯಿಗೆ ಮೂಗು ಇಲ್ಲವೆಂದಲ್ಲ. ಗಡಿ ಭದ್ರತಾ ಪಡೆಯೂ ಮುಧೋಳ ನಾಯಿಗಳಿಗೆ ತರಬೇತಿ ಕೊಟ್ಟಿದೆ. ಆಜ್ಞೆಯನ್ನು ಒಡನೆಯೇ ಪಾಲಿಸುವಂತೆ ಬೆಳೆಸಿದ ತಳಿಗಳಿಗಿಂತ ಇವಕ್ಕೆ ತಾಳ್ಮೆ ಹೆಚ್ಚು ಬೇಕು, ಗದರಿಸಿದರೆ ಕೆಲಸವೇ ಕೆಡುತ್ತದೆ. ಇದು ಬೇರೆಯೇ ಚರ್ಚೆಯಾಗುವಷ್ಟು ದೊಡ್ಡ ವಿಷಯ.

ಇಲ್ಲಿ ಎಲ್ಲ ಮಾಲೀಕರೂ ತಿಳಿದಿರಬೇಕಾದದ್ದು ಇನ್ನೊಂದಿದೆ. ಕಾರವಾನಿಯೇ ಆಗಲಿ, ಪಶ್ಮಿಯೇ ಆಗಲಿ, ಈ ಜಾತಿಯ ಬೇಟೆನಾಯಿಯ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಥಯೋಪೆಂಟಾಲ್ ಎಂಬ ಅರಿವಳಿಕೆ ಮದ್ದಿನಿಂದ ಗ್ರೇಹೌಂಡ್‌ಗಳು ಎಚ್ಚರಗೊಳ್ಳಲು ಬೇರೆ ನಾಯಿಗಳಿಗಿಂತ ಬಹಳ ಹೆಚ್ಚು ಸಮಯ ಹಿಡಿಯುತ್ತದೆ ಎಂಬುದು ಚೆನ್ನಾಗಿ ದಾಖಲಾಗಿದೆ. ಆದ್ದರಿಂದ ಇವುಗಳಿಗೂ ಅದೇ ಎಚ್ಚರಿಕೆ ವಹಿಸುವುದು ಸುರಕ್ಷಿತ. ಗ್ರೇಹೌಂಡ್‌ಗಳ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣವೂ ಉಳಿದ ತಳಿಗಳಿಗಿಂತ ಹೆಚ್ಚಿರುತ್ತದೆ, ಅದನ್ನು ರೋಗವೆಂದು ತಿಳಿಯಬಾರದು. ಶಸ್ತ್ರಚಿಕಿತ್ಸೆಗೆ ಕರೆದೊಯ್ದಾಗ ಇದು ಯಾವ ಬಗೆಯ ನಾಯಿ ಎಂಬುದನ್ನು ವೈದ್ಯರಿಗೆ ತಾವೇ ಮುಂಚಿತವಾಗಿ ತಿಳಿಸಿರಿ.

ತೂಕದ ಬಗ್ಗೆಯೂ ಒಂದು ಮಾತು. ಪಕ್ಕೆಲುಬು ಕಾಣುತ್ತಿದೆ, ಸೊಂಟದ ಎಲುಬು ಎದ್ದಿದೆ ಎಂದು ನೆರೆಯವರು ಮರುಗುತ್ತಾರೆ, ಮಾಲೀಕರು ತುಂಬಿ ತುಂಬಿ ತಿನ್ನಿಸುತ್ತಾರೆ. ಹಾಗೆ ಕೊಬ್ಬಿದ ಮುಧೋಳ ನಾಯಿಯನ್ನು ಯಾರೋ ಬೆರಕೆ ಎಂದದ್ದೂ ಉಂಟು. ಬಗೆ ನಿರ್ಧರಿಸುವ ಮೊದಲು ಮೇವು ವಿಚಾರಿಸಿರಿ.

ಜಮಖಂಡಿಯ ರೈತ

ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮಲ್ಲಿ ಜೋಳದ ನುಚ್ಚು, ಗೋವಿನಜೋಳದ ಹಿಟ್ಟಿನ ಅಂಬಲಿ, ಮಜ್ಜಿಗೆ, ಸಿಕ್ಕಿದಾಗ ತತ್ತಿ ಇಷ್ಟರಲ್ಲೇ ನಾಯಿಗಳು ಬೆಳೆದವು. ಪೇಟೆಯ ಚೀಲದ ಆಹಾರ ತಿಂದು ಬೆಳೆದ ಅದೇ ಸೂಲಿನ ಮರಿ ನೋಡಲು ಬೇರೆ ಊರಿನದರಂತೆ ಕಾಣುತ್ತದೆ.

ಸೊಲ್ಲಾಪುರದ ಕನ್ನಡಿಗ

ಎಲ್ಲರ ಮಾತನ್ನೂ ಗಮನವಿಟ್ಟು ಓದಿದ್ದೇನೆ. ಹೆಸರನ್ನು ಬದಿಗಿಟ್ಟು ಮರಿಯ ತಂದೆತಾಯಿಗಳನ್ನು ನೋಡಲು ನಿಶ್ಚಯಿಸಿದ್ದೇನೆ. ಏನೇನು ನೋಡಬೇಕು ಎಂಬುದನ್ನು ಅನುಭವಿಗಳು ಹೇಳಿದರೆ ಉಪಕಾರವಾಗುತ್ತದೆ.

ಉದಗೀರದ ಗಡಿಯವನು

ತಾಯಿ ಕಣ್ಣಮುಂದೆಯೇ ಇರಬೇಕು, ಇಲ್ಲ ಎಂದವರ ಬಳಿ ಮರಿ ತೆಗೆದುಕೊಳ್ಳಬೇಡಿರಿ. ತಂದೆ ಬೇರೆ ಊರಿನಲ್ಲಿದ್ದರೆ ಆ ಊರಿಗೂ ಹೋಗಿ ನೋಡಿ ಬನ್ನಿರಿ. ನಿಂತ ನಾಯಿಗಿಂತ ನಡೆಯುವ ನಾಯಿಯನ್ನು ನೋಡಿರಿ. ಹಿಂದಿನಿಂದ ನೋಡಿದಾಗ ಹಿಂಗಾಲುಗಳು ಒಂದಕ್ಕೊಂದು ಸಮಾನಾಂತರವಾಗಿ ಸಾಗಬೇಕು, ಮೊಣಕಾಲು ಒಳಗೆ ಬಾಗಬಾರದು. ಅಜ್ಜ ಅಜ್ಜಿಯರ ಸಂಬಂಧವನ್ನೂ ಕೇಳಿರಿ, ತಂದೆತಾಯಿಗಳು ಒಂದೇ ಸೂಲಿನವಾಗಿದ್ದರೆ ಕೈಮುಗಿದು ಹಿಂದಿರುಗಿರಿ. ಯಾವ ಸಂಸ್ಥೆಯಲ್ಲಿ ಯಾವ ಹೆಸರಿನಿಂದ ನೋಂದಣಿಯಾಗಿದೆ ಎಂಬುದಕ್ಕಿಂತ ಇವು ಮುಖ್ಯ.

ಲೋಕಾಪುರದ ಮಡ್ಡಿ

ಇದಿಷ್ಟನ್ನೂ ನಾನು ಒಪ್ಪುತ್ತೇನೆ. ಆದರೆ ತಲೆಯ ಅಗಲದ ವಿಷಯದಲ್ಲಿ ನನ್ನ ಮಾತಿಗೆ ನಾನು ಬದ್ಧ. ಬಾಯಿಮಾತಿನಲ್ಲಿ ಇದು ಮುಗಿಯುವುದಿಲ್ಲ, ಅಳೆಯೋಣ. ನಮ್ಮ ಕಡೆಯ ಮೂರು ನಾಲ್ಕು ಊರುಗಳ ನಾಯಿಗಳನ್ನು ನಾನು ಅಳೆಸುತ್ತೇನೆ, ಉದಗೀರದವರು ತಮ್ಮ ಕಡೆಯವನ್ನು ಅಳೆಯಲಿ.

ಉದಗೀರದ ಗಡಿಯವನು

ಸಂತೋಷದಿಂದ ಒಪ್ಪಿದೆ. ಅಳತೆಯ ಕ್ರಮ ಎರಡೂ ಕಡೆ ಒಂದೇ ಆಗಿರಬೇಕು, ಡಾಕ್ಟರ್ ಮೇಡಂ ಅದನ್ನು ಹೇಳಿಕೊಡಲಿ.

ಪಶುವೈದ್ಯೆ, ಧಾರವಾಡ

ಎರಡು ವರ್ಷ ತುಂಬಿದ ನಾಯಿಗಳನ್ನು ಮಾತ್ರ ತೆಗೆದುಕೊಳ್ಳಿರಿ, ಗಂಡು ಹೆಣ್ಣುಗಳನ್ನು ಬೇರೆ ಬೇರೆ ಬರೆಯಿರಿ. ನಾಯಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಹೆಗಲಿನ ಏಣಿನಿಂದ ನೆಲದವರೆಗೆ ಎತ್ತರ ಅಳೆಯಿರಿ. ಟೇಪನ್ನು ಮೈಗೆ ತಾಗಿಸಿ ಹಿಡಿದರೆ ಅಳತೆ ಹೆಚ್ಚು ಬರುತ್ತದೆ, ಉದ್ದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹೆಗಲಿನ ಮೇಲೆ ಅಡ್ಡಪಟ್ಟಿ ಇಟ್ಟು ಗುರುತು ಹಾಕಿರಿ. ತಲೆಯ ಅಗಲವನ್ನು ಎರಡು ಕಿವಿಗಳ ಬುಡದ ಮುಂಭಾಗದಲ್ಲಿ, ಉದ್ದವನ್ನು ಮೂಗಿನ ತುದಿಯಿಂದ ಹಿಂದಲೆಯ ಗಂಟಿನವರೆಗೆ ತೆಗೆದುಕೊಳ್ಳಿರಿ. ಮುಂಗಾಲಿನ ಸುತ್ತಳತೆಯನ್ನು ಮೊಣಕೈಗೂ ಮಣಿಕಟ್ಟಿಗೂ ನಡುವೆ ಅಳೆದರೆ ಎಲುಬಿನ ದಪ್ಪ ತಿಳಿಯುತ್ತದೆ. ತೂಕ, ಬಣ್ಣ, ಕೂದಲಿನ ಬಗೆ, ಊರಿನ ನೆಲ ಎರೆಯೋ ಮಡ್ಡಿಯೋ ಎಂಬುದೂ ಇರಲಿ. ಅಳೆಯುವವರಿಗೆ ನಾಯಿ ಎಲ್ಲಿಯದೆಂದು ಮೊದಲೇ ತಿಳಿಸದಿದ್ದರೆ ಇನ್ನೂ ಒಳ್ಳೆಯದು.

ಜಮಖಂಡಿಯ ರೈತ

ಕೋಲು ಮತ್ತು ಅಡ್ಡಪಟ್ಟಿಯನ್ನು ನಮ್ಮೂರ ಬಡಿಗರಿಂದ ಎರಡು ಜೊತೆ ಮಾಡಿಸಿ ಕಳುಹಿಸುತ್ತೇನೆ. ಸುಗ್ಗಿ ಮುಗಿದ ಮೇಲೆ ಶುರು ಮಾಡೋಣ, ಅಲ್ಲಿಯವರೆಗೆ ಯಾರಿಗೂ ನಾಯಿ ಹಿಡಿದು ನಿಲ್ಲಿಸಲು ಬಿಡುವಿರುವುದಿಲ್ಲ.